ಸುಣ್ಣದ ಗೂಡೂ ವಿಭಜನ ಕ್ರಿಯೆಯೂ

ನೂರು ಕಿಲೋಗ್ರಾಂ ಶುದ್ಧವಾದ ಸುಣ್ಣದಕಲ್ಲನ್ನು ಗೂಡಿಗೆ ತುಂಬಿ ಚೆನ್ನಾಗಿ ಸುಟ್ಟರೆ ಹೊರಬರುವ ಸುಣ್ಣ ೫೬ ಕಿಲೋಗ್ರಾಂ ಮಾತ್ರ. ಕಲ್ಲು ಕರಗಿ ಹರಿದುಹೋಗಿರುವುದಿಲ್ಲ; ಬೂದಿಯಾಗಿ ಹಾರಿಯೂ ಹೋಗಿರುವುದಿಲ್ಲ. ತುಂಡುತುಂಡಾಗಿ ಹಾಕಿದ ಕಲ್ಲು ಬಹುಮಟ್ಟಿಗೆ ಅದೇ ಆಕಾರದಲ್ಲಿಯೇ ಹೊರಗೆ ಬರುತ್ತದೆ. ಕೈಗೆತ್ತಿಕೊಂಡಾಗ ಮಾತ್ರ ಅದು ಹಗುರವಾಗಿರುವುದು ತಿಳಿಯುತ್ತದೆ. ನೀರು ಚಿಮುಕಿಸಿದರೆ ಬುಸುಗುಟ್ಟಿ, ಬಿಸಿಯಾಗಿ, ಅರಳಿ ಹಿಟ್ಟಾಗುತ್ತದೆ. ಹಾಗಾದರೆ ಉಳಿದ ೪೪ ಕಿಲೋಗ್ರಾಂ ಎಲ್ಲಿಗೆ ಹೋಯಿತು?

ಇಂದಿನ ಪ್ರೌಢಶಾಲೆಯ ವಿದ್ಯಾರ್ಥಿಗೆ ಇದು ಕಠಿಣವಾದ ಪ್ರಶ್ನೆಯಲ್ಲ. ಸುಣ್ಣದಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕಾಯಿಸಿದಾಗ ಅದು ಒಡೆದು ಎರಡು ವಸ್ತುಗಳಾಗುತ್ತದೆ ಎಂದು ಆತನ ಪುಸ್ತಕ ಹೇಳುತ್ತದೆ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಇಂಗಾಲದ ಡೈ ಆಕ್ಸೈಡ್

ಕ್ಯಾಲ್ಸಿಯಂ ಆಕ್ಸೈಡೇ ಸುಟ್ಟ ಸುಣ್ಣ. ಇಂಗಾಲದ ಡೈ ಆಕ್ಸೈಡ್ ಅನಿಲವಾಗಿ ಹಾರಿಹೋದದ್ದು. ಒಂದೇ ಸಂಯುಕ್ತವಸ್ತು ಒಡೆದು ಅದಕ್ಕಿಂತ ಸರಳವಾದ ಎರಡು ಅಥವಾ ಹೆಚ್ಚು ವಸ್ತುಗಳಾಗುವ ಇಂತಹ ಬದಲಾವಣೆಗೆ ವಿಭಜನ ಕ್ರಿಯೆ ಎಂದು ಹೆಸರು. ಬಾಣದ ಗುರುತಿನ ಮೇಲೆ ‘ಉಷ್ಣ’ ಎಂದು ಬರೆದರೆ ಪರೀಕ್ಷೆಯಲ್ಲಿ ಪೂರ್ಣ ಅಂಕಗಳು ದೊರೆಯುವುದೂ ನಿಶ್ಚಯ.

ಆದರೆ ಈ ಸಮೀಕರಣ ಅರ್ಧ ಕತೆಯನ್ನು ಮಾತ್ರ ಹೇಳುತ್ತದೆ. ‘ಕಾಯಿಸಿದರೆ ಒಡೆಯುತ್ತದೆ’ ಎಂಬುದೇ ಪೂರ್ಣ ಸತ್ಯವಾಗಿದ್ದಲ್ಲಿ, ಅದೇ ಕಲ್ಲನ್ನು ಬಿಗಿಯಾಗಿ ಮುಚ್ಚಿದ ಉಕ್ಕಿನ ಕೊಳವೆಯಲ್ಲಿಟ್ಟು ಗೂಡಿನಷ್ಟೇ ಕಾವು ಕೊಟ್ಟಾಗಲೂ ಅದು ಒಡೆದು ಸುಣ್ಣವಾಗಬೇಕಿತ್ತು. ಹಾಗಾಗುವುದಿಲ್ಲ. ಸ್ವಲ್ಪ ಅನಿಲ ಹೊರಟು ಕೊಳವೆಯನ್ನು ತುಂಬಿದೊಡನೆ ಒಡೆಯುವ ಕೆಲಸ ನಿಂತುಹೋಗುತ್ತದೆ. ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಕಲ್ಲು ಸುಣ್ಣವಾಗಬೇಕಾದರೆ ಗೂಡಿಗೆ ಬೆಂಕಿ ಎಷ್ಟು ಅವಶ್ಯವೋ, ತೆರೆದ ಬಾಯಿಯೂ ಅಷ್ಟೇ ಅವಶ್ಯ. ಈ ಎರಡನೆಯ ಅಂಶವನ್ನು ಅರಿಯಲು ವಿಜ್ಞಾನಿಗಳಿಗೆ ಒಂದು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಹದಿನೆಂಟನೆಯ ಶತಮಾನದ ನಡುವಿನವರೆಗೂ ಸುಣ್ಣದ ವಿಷಯದಲ್ಲಿದ್ದ ನಂಬಿಕೆಯೇ ಬೇರೆ. ಸೌಮ್ಯವಾದ ಕಲ್ಲು ಬೆಂಕಿಯಲ್ಲಿ ಬೆಂದ ಮೇಲೆ ಚರ್ಮವನ್ನು ಸುಡುವಷ್ಟು ದಾಹಕವಾಗುತ್ತದೆಯಷ್ಟೆ. ಈ ಸುಡುವ ಗುಣ ಎಲ್ಲಿಂದ ಬಂದೀತು? ಬೆಂಕಿಯಿಂದಲೇ ಬಂದಿರಬೇಕು, ಬೆಂಕಿಯ ಯಾವುದೋ ಸೂಕ್ಷ್ಮಾಂಶ ಕಲ್ಲಿನೊಳಕ್ಕೆ ಇಳಿದಿರಬೇಕು ಎಂದು ಪಂಡಿತರು ತರ್ಕಿಸಿದ್ದರು. ತರ್ಕವೇನೋ ಸಹಜವಾಗಿಯೇ ಇದೆ. ಆದರೆ ಅದನ್ನು ತಕ್ಕಡಿಗೆ ಹಾಕಿ ನೋಡಿದವರಿರಲಿಲ್ಲ.

ತಕ್ಕಡಿ ಹಿಡಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಆತನು ಆಗ ವೈದ್ಯಶಾಸ್ತ್ರದ ವಿದ್ಯಾರ್ಥಿ. ಮೂತ್ರಕೋಶದಲ್ಲಿ ಬೆಳೆಯುವ ಕಲ್ಲನ್ನು ಕರಗಿಸಲು ಸುಣ್ಣದ ತಿಳಿನೀರು ಒಳ್ಳೆಯ ಔಷಧವೆಂದು ಆ ಕಾಲದ ವೈದ್ಯರಲ್ಲಿ ಹಲವರು ನಂಬಿದ್ದರು. ಯಾವ ಬಗೆಯ ಸುಣ್ಣ ಇದಕ್ಕೆ ಉತ್ತಮವೆಂಬ ವಿಷಯದಲ್ಲಿ ಎಡಿನ್‌ಬರೋವಿನ ಇಬ್ಬರು ಹಿರಿಯ ಪ್ರಾಧ್ಯಾಪಕರ ನಡುವೆ ವಾದ ನಡೆದಿತ್ತು. ಗುರುಗಳ ಜಗಳದಲ್ಲಿ ಶಿಷ್ಯ ಸಿಕ್ಕಿಕೊಳ್ಳುವುದು ಕ್ಷೇಮವಲ್ಲವೆಂದು ಬಗೆದ ಬ್ಲ್ಯಾಕ್, ಸುಣ್ಣವನ್ನು ಬಿಟ್ಟು ಅದರ ನಂಟನಾದ ಮೆಗ್ನೀಸಿಯಾವನ್ನು—ಇಂದಿನ ಹೆಸರಿನಲ್ಲಿ ಮೆಗ್ನೀಸಿಯಂ ಕಾರ್ಬೊನೇಟನ್ನು—ತನ್ನ ಪ್ರಬಂಧದ ವಿಷಯವಾಗಿ ಆರಿಸಿಕೊಂಡನು. ಇದೊಂದು ಅದೃಷ್ಟದ ಆಯ್ಕೆ. ಏಕೆಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಸುಣ್ಣದಕಲ್ಲಿಗಿಂತ ಎಷ್ಟೋ ಕಡಿಮೆ ಕಾವಿನಲ್ಲಿ ಒಡೆಯುತ್ತದೆ.

ಕಾಯಿಸಿದಾಗ ಮೆಗ್ನೀಸಿಯಾ ತನ್ನ ತೂಕದಲ್ಲಿ ಅರ್ಧಕ್ಕೂ ಹೆಚ್ಚನ್ನು ಕಳೆದುಕೊಂಡಿತು. ಹೋದದ್ದು ನೀರಿರಬಹುದೆಂದು ಬ್ಲ್ಯಾಕ್ ಅದನ್ನು ಬಟ್ಟಿಯಿಳಿಸಿ ನೋಡಿದನು. ಸಿಕ್ಕ ನೀರು ಅತ್ಯಲ್ಪ. ಕಾಯಿಸದ ಮೆಗ್ನೀಸಿಯಾಕ್ಕೆ ಆಮ್ಲ ಹಾಕಿದರೆ ನೊರೆನೊರೆಯಾಗಿ ಗುಳ್ಳೆಗಳೇಳುತ್ತಿದ್ದುವು. ಕಾಯಿಸಿದ್ದಕ್ಕೆ ಹಾಕಿದರೆ ಅದು ಸದ್ದಿಲ್ಲದೆ ಕರಗುತ್ತಿತ್ತು. ಆದುದರಿಂದ ಕಾವಿಗೆ ಹೊರಟುಹೋದದ್ದೂ ಆಮ್ಲಕ್ಕೆ ಹೊರಟುಬಂದದ್ದೂ ಒಂದೇ—ಒಂದು ಬಗೆಯ ವಾಯು. ಅನಂತರ ಇದೇ ವಿಧಾನವನ್ನು ಸುಣ್ಣಕ್ಕೂ ಹಚ್ಚಿದನು. ಸುಟ್ಟ ಸುಣ್ಣಕ್ಕೆ ಸೌಮ್ಯ ಕ್ಷಾರದ ದ್ರಾವಣವನ್ನು ಸೇರಿಸಿದಾಗ ಸುಣ್ಣ ಮತ್ತೆ ಸೀಮೆಸುಣ್ಣವಾಯಿತು. ಮೊದಲಿದ್ದಷ್ಟೇ ತೂಕವೂ ಹೆಚ್ಚುಕಡಿಮೆ ಹಿಂದಿರುಗಿತು. ೧೭೫೪ರ ಪ್ರಬಂಧವನ್ನು ವಿಸ್ತರಿಸಿ ೧೭೫೬ರಲ್ಲಿ ಬ್ಲ್ಯಾಕ್ ಪ್ರಕಟಿಸಿದ ಲೇಖನದ ತಿರುಳು ಇಷ್ಟು: ಸುಣ್ಣಕ್ಕೆ ಬೆಂಕಿಯಿಂದ ಏನೂ ಸೇರಿಲ್ಲ; ಅದು ಕಳೆದುಕೊಂಡಿದೆ. ದಾಹಕತ್ವವು ಸುಣ್ಣದ ಸ್ವಂತ ಗುಣ. ಕಲ್ಲಿನಲ್ಲಿದ್ದಾಗ ಅದು ವಾಯುವಿನಿಂದ ಮುಚ್ಚಿಹೋಗಿತ್ತು.

ಕಲ್ಲಿನಲ್ಲಿ ಕಟ್ಟಿಹಾಕಿದಂತಿದ್ದ ಈ ವಾಯುವನ್ನು ಬ್ಲ್ಯಾಕ್ ‘ಸ್ಥಿರ ವಾಯು’ ಎಂದು ಕರೆದನು. ವಾಯುವೆಂದರೆ ಎಲ್ಲೆಲ್ಲೂ ಒಂದೇ ಎಂದು ತಿಳಿದಿದ್ದ ಕಾಲದಲ್ಲಿ, ಗಾಳಿಗಿಂತ ಭಿನ್ನವಾದ ಒಂದು ಅನಿಲ ಘನವಸ್ತುವಿನ ಅಂಗವಾಗಿ ಇರಬಲ್ಲುದೆಂದು ತೋರಿದ್ದು ಸಣ್ಣ ಮಾತಲ್ಲ. ನನ್ನ ಎಣಿಕೆಯಲ್ಲಿ ರಸಾಯನಶಾಸ್ತ್ರ ಪರಿಮಾಣದ ಶಾಸ್ತ್ರವಾದದ್ದು ಇಲ್ಲಿಂದಲೇ. ಭೌತಶಾಸ್ತ್ರದ ತರಗತಿಯಲ್ಲಿ ಬ್ಲ್ಯಾಕನ ಹೆಸರು ಗುಪ್ತೋಷ್ಣದ ಪಾಠದಲ್ಲಿ ಬರುತ್ತದೆ. ಆ ಬ್ಲ್ಯಾಕನೂ ಈತನೇ.

ಬ್ಲ್ಯಾಕನಿಗೆ ಎಡಿನ್‌ಬರೋವಿನಲ್ಲಿ ಜೇಮ್ಸ್ ಹಟ್ಟನ್ ಎಂಬ ಗೆಳೆಯನಿದ್ದನು. ಭೂಗರ್ಭದ ಬಿಸಿಯೇ ಬಂಡೆಗಳನ್ನು ರೂಪಿಸಿದೆ, ಅಮೃತಶಿಲೆಯೂ ಅಂತಹ ಬಿಸಿಯಲ್ಲಿ ಬೆಂದ ಸುಣ್ಣದಕಲ್ಲೇ ಎಂಬುದು ಹಟ್ಟನನ ಸಿದ್ಧಾಂತ. ಇದಕ್ಕೆ ಎದುರಾಳಿಗಳು ಎತ್ತಿದ ಆಕ್ಷೇಪಣೆಗೆ ಆಧಾರವಾದದ್ದು ಬ್ಲ್ಯಾಕನ ಪ್ರಯೋಗವೇ! ಸುಣ್ಣದಕಲ್ಲನ್ನು ಕಾಯಿಸಿದರೆ ಸ್ಥಿರ ವಾಯು ಹೊರಟುಹೋಗಿ ಸುಣ್ಣ ಉಳಿಯಬೇಕು. ಅಮೃತಶಿಲೆಯಲ್ಲಾದರೋ ವಾಯು ಪೂರ್ತಿಯಾಗಿ ಹಾಗೆಯೇ ಇದೆ. ಆದುದರಿಂದ ಅದು ಬಿಸಿಯನ್ನು ಕಂಡಿರಲಾರದು ಎಂದು ಅವರ ವಾದ. ಭೂಮಿಯ ಆಳದಲ್ಲಿ ಮೇಲಿನ ಬಂಡೆಗಳ ಭಾರವು ವಾಯು ಹೊರಡದಂತೆ ತಡೆದಿರಬೇಕೆಂದು ಹಟ್ಟನ್ ಉತ್ತರಿಸಿದನು. ಆದರೆ ಪ್ರಯೋಗಶಾಲೆಯ ಮೂಸೆಯಲ್ಲಿ ಭೂಮಿಯ ಕಾರ್ಯವನ್ನು ಅಳೆಯುವ ವಿಷಯದಲ್ಲಿ ಆತನಿಗೆ ಒಲವಿರಲಿಲ್ಲ.

ಒಲವಿದ್ದವನು ಸರ್ ಜೇಮ್ಸ್ ಹಾಲ್ ಎಂಬ ಕಿರಿಯ ಸ್ನೇಹಿತ. ೧೭೯೭ರಲ್ಲಿ ಹಟ್ಟನ್ ತೀರಿಕೊಳ್ಳುವವರೆಗೆ ಗೌರವದಿಂದ ಕಾದಿದ್ದು, ಆಮೇಲೆ ಆತನು ಕೆಲಸಕ್ಕೆ ತೊಡಗಿದನು. ಸೀಮೆಸುಣ್ಣದ ಪುಡಿಯನ್ನು ಕೋವಿಯ ನಳಿಗೆಯಲ್ಲಿ ತುಂಬಿ, ಬಾಯನ್ನು ಭದ್ರವಾಗಿ ಮುಚ್ಚಿ, ಕುಲುಮೆಯಲ್ಲಿ ಕೆಂಪಗೆ ಕಾಯಿಸುವುದು—ಇದು ಆತನ ಪ್ರಯೋಗ. ನಳಿಗೆಗಳು ಸಿಡಿದುವು, ಮುಚ್ಚಳಗಳು ಸೋರಿದುವು. ಬಿಡದೆ ಏಳು ವರ್ಷಗಳ ಕಾಲ ನೂರಾರು ಪ್ರಯೋಗಗಳನ್ನು ಮಾಡಿ, ೧೮೦೫ರಲ್ಲಿ ಎಡಿನ್‌ಬರೋವಿನ ರಾಯಲ್ ಸೊಸೈಟಿಯ ಮುಂದೆ ಫಲಿತಾಂಶವನ್ನು ಇಟ್ಟನು. ಬಾಯಿ ಸರಿಯಾಗಿ ಮುಚ್ಚಿಕೊಂಡಿದ್ದ ನಳಿಗೆಗಳಲ್ಲಿ ಪುಡಿಯು ಸುಣ್ಣವಾಗಿರಲಿಲ್ಲ. ತೂಕ ಬಹಳ ಕಡಿಮೆಯಾಗಿರಲಿಲ್ಲ. ಬದಲಾಗಿ ಅದು ಗಟ್ಟಿಯಾಗಿ ಬೆಸೆದುಕೊಂಡು, ಅಮೃತಶಿಲೆಯನ್ನು ಹೋಲುವ, ಹರಳುಹರಳಾದ ಕಲ್ಲಾಗಿ ನಿಂತಿತ್ತು. ಆಮ್ಲ ಹಾಕಿದರೆ ಅದರಿಂದ ಗುಳ್ಳೆಗಳೇಳುತ್ತಿದ್ದುವು.

ನಮ್ಮ ಮನೆಗಳಲ್ಲಿ ಪ್ರೆಷರ್ ಕುಕ್ಕರ್ ಉಪಯೋಗಿಸುವವರಿಗೆ ಇದು ಅಷ್ಟೇನೂ ವಿಚಿತ್ರವಾಗಿ ತೋರಬೇಕಾಗಿಲ್ಲ. ತೆರೆದ ಪಾತ್ರೆಯಲ್ಲಿ ನೀರು ೧೦೦ ಡಿಗ್ರಿಯಲ್ಲಿ ಕುದಿದು ಆವಿಯಾಗಿ ಹೋಗುತ್ತದೆ. ಕುಕ್ಕರಿನಲ್ಲಿ ಆವಿಯ ಒತ್ತಡ ಮೇಲೆ ಬಿದ್ದಿರುವುದರಿಂದ ಸುಮಾರು ೧೨೦ ಡಿಗ್ರಿಯಲ್ಲಿಯೂ ನೀರು ನೀರಾಗಿಯೇ ಇರುತ್ತದೆ. ಹಾಲನ ಕೋವಿಯ ನಳಿಗೆ ಕಲ್ಲಿಗೊಂದು ಕುಕ್ಕರು.

ಈ ಹೋಲಿಕೆ ಕೇವಲ ಮಾತಿನ ಚಮತ್ಕಾರವಲ್ಲ, ಲೆಕ್ಕಕ್ಕೆ ನಿಲ್ಲುವ ಹೋಲಿಕೆ ಎಂಬುದನ್ನು ೧೮೬೭ರಲ್ಲಿ ತೋರಿಸಿದವನು ಫ್ರಾನ್ಸಿನ ಹೆನ್ರಿ ದೆಬ್ರೇ. ಐಸ್‌ಲೆಂಡ್ ಸ್ಪಾರ್ ಎಂಬ ಪಾರದರ್ಶಕವಾದ ಸ್ಫಟಿಕವು ಕ್ಯಾಲ್ಸಿಯಂ ಕಾರ್ಬೊನೇಟಿನ ಅತ್ಯಂತ ಶುದ್ಧ ರೂಪ. ಅದನ್ನು ಗಾಳಿ ತೆಗೆದ ಕೊಳವೆಯಲ್ಲಿಟ್ಟು, ಕಾಯಿಸಿ, ಹೊರಡುವ ಅನಿಲದ ಒತ್ತಡವನ್ನು ಆತನು ಅಳೆದನು. ಗಂಟೆಗಟ್ಟಲೆ ಉಷ್ಣತೆ ಬದಲಾಗದಂತೆ ನೋಡಿಕೊಳ್ಳುವ ವಿದ್ಯುತ್ ಕುಲುಮೆಗಳು ಆಗ ಇರಲಿಲ್ಲ. ಆದರೆ ಕುದಿಯುತ್ತಿರುವ ವಸ್ತುವಿನ ಉಷ್ಣತೆ, ಅದು ಕುದಿದು ಮುಗಿಯುವವರೆಗೂ ಬದಲಾಗುವುದಿಲ್ಲವಷ್ಟೆ. ದೆಬ್ರೇ ಈ ತತ್ತ್ವವನ್ನು ಹಿಡಿದು ತನ್ನ ಕೊಳವೆಯನ್ನು ಕುದಿಯುವ ಪಾದರಸ, ಗಂಧಕ, ಕ್ಯಾಡ್ಮಿಯಂ, ಸತು ಇವುಗಳ ಆವಿಯಲ್ಲಿ ಒಂದಾದಮೇಲೊಂದರಂತೆ ಇಟ್ಟನು. ಸತುವನ್ನು ಕುದಿಸಿ ಅದರ ಆವಿಯನ್ನು ಒಲೆಯಂತೆ ಬಳಸುವ ಧೈರ್ಯವನ್ನು ಮೆಚ್ಚಲೇಬೇಕು! ಪಾದರಸದ ಆವಿಯಲ್ಲಿ ಸ್ಫಟಿಕ ಸ್ವಲ್ಪವೂ ಜಗ್ಗಲಿಲ್ಲ. ಕ್ಯಾಡ್ಮಿಯಮಿನ ಆವಿಯಲ್ಲಿ ಅನಿಲ ಹೊರಟು, ಒತ್ತಡ ಒಂದು ಮಟ್ಟಕ್ಕೆ ಏರಿ, ಅಲ್ಲಿಗೆ ನಿಂತಿತು. ಒಂದಿಷ್ಟು ಅನಿಲವನ್ನು ಹೊರಗೆಳೆದರೆ ಮತ್ತೆ ಅಷ್ಟೇ ಅನಿಲ ಹೊರಟು ಅದೇ ಮಟ್ಟಕ್ಕೆ ಬಂದು ನಿಂತಿತು. ಕೊಳವೆಯಲ್ಲಿ ಉಳಿದಿರುವ ಕಲ್ಲು ಹೆಚ್ಚೋ ಕಡಿಮೆಯೋ ಎಂಬುದರಿಂದ ಆ ಮಟ್ಟಕ್ಕೆ ಬಾಧಕವಿಲ್ಲ. ಸತುವಿನ ಆವಿಯಲ್ಲಿ ಒತ್ತಡದ ಮಟ್ಟ ಹಲವು ಪಟ್ಟು ಹೆಚ್ಚಾಯಿತು. ಕಾವು ಇಳಿಸಿದರೆ ಅನಿಲವು ಸುಣ್ಣದೊಳಕ್ಕೆ ಹಿಂದಿರುಗಿತು.

ಒಂದೊಂದು ಉಷ್ಣತೆಗೂ ಒಂದೊಂದು ವಿಭಜನ ಒತ್ತಡ—ಇದು ದೆಬ್ರೇ ಕಂಡ ನಿಯಮ. ಇಂದಿನ ಅಳತೆಗಳ ಪ್ರಕಾರ ಸುಣ್ಣದಕಲ್ಲಿನ ವಿಭಜನ ಒತ್ತಡವು ೭೦೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ವಾಯುಮಂಡಲದ ಒತ್ತಡದ ನೂರರಲ್ಲಿ ಸುಮಾರು ೩ ಪಾಲು. ೮೦೦ ಡಿಗ್ರಿಯಲ್ಲಿ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ೯೦೦ ಡಿಗ್ರಿಯ ಹತ್ತಿರ ಅದು ವಾಯುಮಂಡಲದ ಒತ್ತಡಕ್ಕೆ ಸಮನಾಗುತ್ತದೆ. ನೀರಿನ ಆವಿಯ ಒತ್ತಡ ವಾಯುಮಂಡಲದ ಒತ್ತಡಕ್ಕೆ ಸಮನಾಗುವ ಉಷ್ಣತೆಯನ್ನು ನಾವು ಕುದಿಬಿಂದುವೆನ್ನುತ್ತೇವೆ. ಹಾಗೆ ನೋಡಿದರೆ ಸುಮಾರು ೯೦೦ ಡಿಗ್ರಿಯು ಸುಣ್ಣದಕಲ್ಲಿನ ‘ಕುದಿಬಿಂದು’. ನೀರು ಕುದಿಬಿಂದುವಿಗಿಂತ ಕೆಳಗೂ ನಿಧಾನವಾಗಿ ಆರುತ್ತದೆ. ಒದ್ದೆ ಬಟ್ಟೆ ಬಿಸಿಲಿಲ್ಲದಿದ್ದರೂ ಗಾಳಿಗೆ ಒಣಗುತ್ತದೆ. ಅದರಂತೆಯೇ, ಅನಿಲವನ್ನು ಬೀಸಿ ಕೊಂಡೊಯ್ಯುವ ಗಾಳಿಯಿದ್ದಲ್ಲಿ ೯೦೦ ಡಿಗ್ರಿಗಿಂತ ಕೆಳಗೂ ಕಲ್ಲು ಸುಣ್ಣವಾಗಬಲ್ಲುದು. ಗೂಡು ಕಟ್ಟುವವರು ಕೆಳಗೆ ಗಾಳಿಗಂಡಿಯನ್ನೂ ಮೇಲೆ ತೆರೆದ ಬಾಯನ್ನೂ ಬಿಡುವುದು ಬೆಂಕಿ ಉರಿಯಲೆಂದು. ಆದರೆ ಆ ಸೆಳೆತವೇ ಕಲ್ಲಿನ ಅನಿಲವನ್ನೂ ಹೊರಕ್ಕೆ ಒಯ್ಯುತ್ತದೆ. ಒಂದು ಗಂಡಿ ಎರಡು ಕೆಲಸ.

ಏಕೆ ಹೀಗೆ? ಕಾದ ಕಲ್ಲಿನ ಮೈಯಲ್ಲಿ ಎರಡು ಕೆಲಸಗಳು ಏಕಕಾಲದಲ್ಲಿ ನಡೆಯುತ್ತಿರುತ್ತವೆ. ಕಾವಿನಿಂದ ತೀವ್ರವಾಗಿ ಕಂಪಿಸುವ ಕಾರ್ಬೊನೇಟ್ ಗುಂಪುಗಳಿಂದ ಇಂಗಾಲದ ಡೈ ಆಕ್ಸೈಡಿನ ಅಣುಗಳು ಸಿಡಿದು ಹೊರಡುವುದು ಒಂದು. ಹೊರಗಿರುವ ಅಣುಗಳು ಸುಣ್ಣಕ್ಕೆ ಬಡಿದು ಮತ್ತೆ ಅಂಟಿಕೊಂಡು ಕಲ್ಲಾಗುವುದು ಇನ್ನೊಂದು. ಹೊರಡುವವರ ಸಂಖ್ಯೆಯನ್ನು ಉಷ್ಣತೆ ನಿರ್ಧರಿಸುತ್ತದೆ. ಹಿಂದಿರುಗುವವರ ಸಂಖ್ಯೆಯನ್ನು ಮುಖ್ಯವಾಗಿ ಹೊರಗಿನ ಅನಿಲದ ಒತ್ತಡ. ಎರಡೂ ಸಮನಾದಾಗ, ಒಳಗೆ ಎಷ್ಟೇ ಓಡಾಟವಿದ್ದರೂ, ಹೊರಗಿನಿಂದ ನೋಡುವವನಿಗೆ ಕ್ರಿಯೆ ನಿಂತಂತೆ ತೋರುತ್ತದೆ. ಇದೇ ಸಮತೋಲನ. ಒಂದೇ ಬಾಣವಿರುವ ಸಮೀಕರಣದಲ್ಲಿ ಮರೆಯಾಗಿರುವುದು ಈ ಎರಡನೆಯ, ಹಿಮ್ಮುಖವಾದ ಬಾಣ.

ಈ ವ್ಯವಹಾರದ ಖರ್ಚುವೆಚ್ಚವನ್ನೂ ನೋಡೋಣ. ಒಂದು ಕಿಲೋಗ್ರಾಂ ಸುಣ್ಣದಕಲ್ಲನ್ನು ಒಡೆಯಲು ಸುಮಾರು ೧,೭೮೦ ಕಿಲೋಜೂಲ್ ಉಷ್ಣ ಬೇಕು. ಕಲ್ಲನ್ನು ಕಾಯಿಸುವ ಖರ್ಚು ಬೇರೆ. ಒಂದು ಕಿಲೋಗ್ರಾಂ ಕುದಿನೀರನ್ನು ಆವಿ ಮಾಡಲು ಬೇಕಾದ ಗುಪ್ತೋಷ್ಣದ ಐದರಲ್ಲಿ ನಾಲ್ಕು ಪಾಲು ಇದು. ಹೀಗೆ ಉಷ್ಣವನ್ನು ಹೀರಿಕೊಂಡು ನಡೆಯುವ ಕ್ರಿಯೆಗೆ ಅಂತರುಷ್ಣಕ ಕ್ರಿಯೆ ಎಂದು ಹೆಸರು. ಇಷ್ಟೊಂದು ಬೆಲೆ ತೆತ್ತು ಕಲ್ಲು ಒಡೆಯುವುದಾದರೂ ಏತಕ್ಕೆ? ಲಾಭ ಇರುವುದು ಹರಡಿಕೊಳ್ಳುವುದರಲ್ಲಿ. ಒಂದು ಕಿಲೋಗ್ರಾಂ ಕಲ್ಲಿನ ಗಾತ್ರ ಒಂದು ಲೀಟರಿನ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಅದರಿಂದ ಹೊರಡುವ ಅನಿಲದ ಗಾತ್ರ ೯೦೦ ಡಿಗ್ರಿಯಲ್ಲಿ ಸುಮಾರು ೯೬೦ ಲೀಟರ್! ಸೆರೆಯಲ್ಲಿದ್ದ ಅಣುಗಳಿಗೆ ಇದ್ದಕ್ಕಿದ್ದಂತೆ ಬಯಲು ದೊರೆತ ಹಾಗೆ. ಅಣುಗಳು ಹರಡಿಕೊಳ್ಳಲು ಇರುವ ಈ ಅವಕಾಶದ ಅಳತೆಗೆ ಎಂಟ್ರೊಪಿ ಎಂದು ಹೆಸರು. ಉಷ್ಣತೆ ಏರಿದಂತೆಲ್ಲಾ ಅದರ ತೂಕವೂ ಏರುತ್ತದೆ. ತಣ್ಣಗಿರುವಾಗ ಬಂಧದ ಬಲ ಗೆಲ್ಲುತ್ತದೆ; ಕಾದಾಗ ಬಯಲಿನ ಸೆಳೆತ ಗೆಲ್ಲುತ್ತದೆ. ಬಯಲನ್ನೇ ಮುಚ್ಚಿಬಿಟ್ಟರೆ, ಹಾಲನ ನಳಿಗೆಯಲ್ಲಾದಂತೆ, ಕಾದರೂ ಬಂಧವೇ ಗೆಲ್ಲುತ್ತದೆ.

ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದರ ರಹಸ್ಯವೂ ಇಲ್ಲಿದೆ. ಸಾಧಾರಣ ಉಷ್ಣತೆಯಲ್ಲಿ ಸುಣ್ಣದಕಲ್ಲಿನ ವಿಭಜನ ಒತ್ತಡ ಊಹಿಸಲಾಗದಷ್ಟು ಅಲ್ಪ—ದಶಮಾಂಶ ಬಿಂದುವಿನ ಮುಂದೆ ಇಪ್ಪತ್ತೆರಡು ಸೊನ್ನೆಗಳನ್ನು ಬರೆದ ಮೇಲೆ ಒಂದು ಅಂಕಿ ಬರುವಷ್ಟು. ನಾವು ಉಸಿರಾಡುವ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹತ್ತು ಸಾವಿರದಲ್ಲಿ ನಾಲ್ಕು ಭಾಗಕ್ಕಿಂತ ತುಸು ಹೆಚ್ಚಾಗಿದೆ. ಬಡ ಪ್ರಮಾಣವೇ ಆದರೂ ವಿಭಜನ ಒತ್ತಡದೊಡನೆ ಹೋಲಿಸಿದರೆ ಅದು ಮಹಾಸಾಗರ. ಆದುದರಿಂದ ಗೋಡೆಯ ಮೇಲಿನ ಅರಳಿದ ಸುಣ್ಣ ಗಾಳಿಯಿಂದ ಅನಿಲವನ್ನು ಸೆಳೆದುಕೊಂಡು, ನೀರನ್ನು ಬಿಟ್ಟುಕೊಟ್ಟು, ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಎಲೆಯಡಿಕೆಗೆಂದು ಕರಂಡಕದಲ್ಲಿ ಮುಚ್ಚಿಡದೆ ಬಿಟ್ಟರೆ ಅದರ ಖಾರ ಹೋಗುವುದೂ ಹೀಗೆಯೇ.

ಈ ಬಗೆಯ ಕ್ರಿಯೆಯನ್ನು ಸ್ವತಃ ಅಳೆದು ನೋಡಬೇಕೆಂಬ ವಿದ್ಯಾರ್ಥಿಗೆ ೯೦೦ ಡಿಗ್ರಿಯ ಗೂಡು ಬೇಕಾಗಿಲ್ಲ. ಅಡಿಗೆ ಸೋಡ ಸಾಕು. ಹತ್ತು ಗ್ರಾಂ ಅಡಿಗೆ ಸೋಡವನ್ನು ಒಣಗಿದ ಹಳೆಯ ಬಾಣಲೆಯಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಅರ್ಧ ಗಂಟೆ ಕಾಯಿಸಿ, ಆರಿದ ಮೇಲೆ ಶಾಲೆಯ ತಕ್ಕಡಿಯಲ್ಲಿ ತೂಗಬೇಕು. ಮತ್ತೆ ಕಾಯಿಸಿ ತೂಗಿದಾಗ ತೂಕ ಬದಲಾಗದಿದ್ದರೆ ಕ್ರಿಯೆ ಮುಗಿದಿದೆ ಎಂದರ್ಥ. ಲೆಕ್ಕದ ಪ್ರಕಾರ ಉಳಿಯಬೇಕಾದದ್ದು ೬.೩ ಗ್ರಾಂ. ಹೋದದ್ದು ನೀರಿನ ಆವಿ ಮತ್ತು ಇಂಗಾಲದ ಡೈ ಆಕ್ಸೈಡ್. ಉಳಿದದ್ದು ಸೋಡಿಯಂ ಕಾರ್ಬೊನೇಟ್, ಅಂದರೆ ಒಗೆಯುವ ಸೋಡ—ನಾಲಗೆಗೆ ತಾಗಿಸಬಾರದು. ಈ ಒಗೆಯುವ ಸೋಡವೂ ಕಾರ್ಬೊನೇಟೇ ಅಲ್ಲವೇ, ಇನ್ನಷ್ಟು ಕಾಯಿಸಿದರೆ ಅದೂ ಒಡೆಯಬೇಡವೇ ಎಂದು ಕೇಳಬಹುದು. ಅಡಿಗೆಮನೆಯ ಬೆಂಕಿಗೆ ಅದು ಜಗ್ಗುವುದಿಲ್ಲ. ಯಾವ ಲೋಹದ ಕಾರ್ಬೊನೇಟ್ ಎಂಬುದರ ಮೇಲೆ ಬಂಧದ ಬಿಗಿ ಬದಲಾಗುತ್ತದೆ. ಮೆಗ್ನೀಸಿಯಮಿನ ಸಣ್ಣ ಅಯಾನು ಪಕ್ಕದಲ್ಲಿರುವ ಕಾರ್ಬೊನೇಟಿನಿಂದ ಆಕ್ಸಿಜನ್ನನ್ನು ಬಲವಾಗಿ ತನ್ನೆಡೆಗೆ ಎಳೆದು ಅದನ್ನು ಬೇಗ ಒಡೆಯುತ್ತದೆ. ಬೇರಿಯಮಿನ ದೊಡ್ಡ ಅಯಾನಿಗೆ ಆ ಸೆಳೆತ ಕಡಿಮೆಯಾದುದರಿಂದ, ಬೇರಿಯಂ ಕಾರ್ಬೊನೇಟನ್ನು ಒಡೆಯಲು ೧,೩೦೦ ಡಿಗ್ರಿಯನ್ನೂ ದಾಟಬೇಕಾಗುತ್ತದೆ.

ವಿಭಜನೆಗೆ ಉಷ್ಣವೊಂದೇ ಸಾಧನವೆಂದೂ ಅಲ್ಲ. ೧೮೦೦ರಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬುವರು ವಿದ್ಯುತ್ತಿನಿಂದ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆದರು. ಛಾಯಾಚಿತ್ರದ ಹಳೆಯ ಫಿಲ್ಮುಗಳಲ್ಲಿ ಬೆಳ್ಳಿಯ ಬ್ರೋಮೈಡನ್ನು ಒಡೆಯುತ್ತಿದ್ದುದು ಬೆಳಕು. ಇವುಗಳ ಕತೆ ಬೇರೆಯೇ ಆದುದರಿಂದ ಇಲ್ಲಿ ಅದನ್ನು ಬೆಳೆಸುವುದಿಲ್ಲ. ಆದರೆ ಇನ್ನೊಂದು ಬಗೆಯ ವಿಭಜನೆಯ ವಿಷಯ ಹೇಳಲೇಬೇಕು. ಸುಣ್ಣದ ಗೂಡಿನಿಂದ ಕಲಿತ ಪಾಠವನ್ನು ಅಲ್ಲಿಗೆ ಹಾಗೆಯೇ ಹಚ್ಚಿದರೆ ಅನಾಹುತವಾಗುತ್ತದೆ.

ಅಮೋನಿಯಂ ನೈಟ್ರೇಟ್ ಒಂದು ಬಿಳಿಯ ಲವಣ, ಹೆಸರುವಾಸಿಯಾದ ರಸಗೊಬ್ಬರ. ಹಿತವಾಗಿ ಕಾಯಿಸಿದರೆ ಅದು ನೀರಿನ ಆವಿ ಮತ್ತು ನಗೆ ಅನಿಲವೆಂಬ ನೈಟ್ರಸ್ ಆಕ್ಸೈಡ್ ಆಗಿ ಒಡೆಯುತ್ತದೆ. ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೆಂದರೆ, ಒಡೆಯುವಾಗ ಇದು ಉಷ್ಣವನ್ನು ಹೀರುವುದಿಲ್ಲ, ಹೊರಹಾಕುತ್ತದೆ. ಸುಣ್ಣದಕಲ್ಲಿನಲ್ಲಿ ವಿಭಜನೆಯೇ ಕಾವನ್ನು ನುಂಗಿ ತನಗೆ ತಾನೇ ಲಗಾಮು ಹಾಕಿಕೊಳ್ಳುತ್ತದೆ. ಅಮೋನಿಯಂ ನೈಟ್ರೇಟಿನಲ್ಲಿ ಒಂದು ಭಾಗ ಒಡೆದದ್ದರಿಂದ ಹುಟ್ಟಿದ ಉಷ್ಣ ನೆರೆಯ ಭಾಗವನ್ನು ಒಡೆಯುತ್ತದೆ. ಅದರ ಉಷ್ಣ ಮತ್ತೊಂದನ್ನು. ಹಿಮ್ಮುಖವಾದ ಬಾಣ ಇಲ್ಲಿ ಇಲ್ಲವೆಂದೇ ಹೇಳಬಹುದು. ಹೊರಟ ಅನಿಲಗಳು ಒತ್ತಿದರೂ ಹಿಂದಿರುಗಿ ಲವಣವಾಗುವುದಿಲ್ಲ. ಹೀಗಾಗಿ ಬಾಯಿ ಮುಚ್ಚಿದರೆ ಕ್ರಿಯೆ ನಿಲ್ಲುವುದಿಲ್ಲ. ಬಿಸಿ ಅನಿಲಗಳು ಒಳಗೇ ಸೇರಿ ಅದನ್ನು ಇನ್ನಷ್ಟು ಕೆರಳಿಸುತ್ತವೆ. ಕೊನೆಗೆ ಇಡೀ ರಾಶಿ ಸಾರಜನಕ, ಆಮ್ಲಜನಕ, ನೀರಾವಿಗಳಾಗಿ ಕ್ಷಣಾರ್ಧದಲ್ಲಿ ಸ್ಫೋಟಿಸಬಹುದು.

೧೯೪೭ರ ಏಪ್ರಿಲ್ ೧೬ರಂದು 	ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ಗ್ರಾಂಡ್‌ಕ್ಯಾಂಪ್ ಎಂಬ ಹಡಗಿನ ಉಗ್ರಾಣದಲ್ಲಿ ಬೆಂಕಿ ಕಾಣಿಸಿಕೊಂಡಿತು. ಅದರಲ್ಲಿ ಎರಡು ಸಾವಿರ ಟನ್ನಿಗೂ ಮೀರಿದ ಅಮೋನಿಯಂ ನೈಟ್ರೇಟ್ ಇದ್ದಿತು. ನೀರು ಸುರಿದರೆ ಸರಕು ಕೆಡುತ್ತದೆಂದು ಉಗ್ರಾಣದ ಬಾಗಿಲುಗಳನ್ನು ಮುಚ್ಚಿಸಿ ಒಳಗೆ ಹಬೆಯನ್ನು ಬಿಡಿಸಿದರು. ಗಾಳಿ ಸಿಗದೆ ಬೆಂಕಿ ಆರೀತೆಂಬುದು ಎಣಿಕೆ. ಸೌದೆಯ ಬೆಂಕಿಯಾಗಿದ್ದರೆ ಆರುತ್ತಿತ್ತು. ಆದರೆ ಈ ಲವಣ ತನಗೆ ಬೇಕಾದ ಆಮ್ಲಜನಕವನ್ನು ತನ್ನಲ್ಲಿಯೇ ಹೊತ್ತಿರುತ್ತದೆ. ಹಬೆ ಅದನ್ನು ಕಾಯಿಸಿತು. ಮುಚ್ಚಿದ ಬಾಗಿಲುಗಳು ಅನಿಲವನ್ನು ತಡೆದುವು. ಹಡಗು ಸಿಡಿದು, ಮರುದಿನ ಪಕ್ಕದ ಇನ್ನೊಂದು ಹಡಗೂ ಸಿಡಿದು, ಒಟ್ಟು ೫೮೦ರಷ್ಟು ಜನ ಸತ್ತರು. ೨೦೨೦ರ ಆಗಸ್ಟ್ ೪ರಂದು ಲೆಬನಾನಿನ ಬೇರೂತ್ ಬಂದರಿನ ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸುಮಾರು ೨,೭೫೦ ಟನ್ ಇದೇ ಲವಣ ಬೆಂಕಿಗೆ ಸಿಕ್ಕಿ ಸ್ಫೋಟಿಸಿ, ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಪಠ್ಯಪುಸ್ತಕದ ಪಟ್ಟಿಯಲ್ಲಿ ಸುಣ್ಣದಕಲ್ಲು, ಅಮೋನಿಯಂ ನೈಟ್ರೇಟ್ ಎರಡೂ ‘ಉಷ್ಣ ವಿಭಜನೆ’ ಎಂಬ ಒಂದೇ ತಲೆಬರಹದ ಕೆಳಗೆ ಬರುತ್ತವೆ. ಬಾಣದ ಮೇಲೆ ಉಷ್ಣವೆಂದು ಬರೆಯುವಾಗ ಅದು ಒಳಗೆ ಹೋಗುವ ಉಷ್ಣವೋ ಹೊರಗೆ ಬರುವ ಉಷ್ಣವೋ ಎಂದು ಕೇಳದೆ ಬಿಡುವುದು ಸಲ್ಲದು.

ಸುಣ್ಣದಕಲ್ಲಿಗೆ ಮತ್ತೆ ಬರೋಣ; ಏಕೆಂದರೆ ಅದರ ವಿಭಜನೆಯೂ ಇಂದು ನಿರಪಾಯಕಾರಿಯಾಗಿ ಉಳಿದಿಲ್ಲ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂಗಳ ಸುತ್ತಲೂ, ಬಾಗಲಕೋಟೆಯ ಕಡೆಯೂ ಸುಣ್ಣದಕಲ್ಲು ಹೇರಳವಾಗಿದೆ. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಸುಣ್ಣದಕಲ್ಲೇ. ನಿಂಬೆಯ ರಸ ಬಿದ್ದು ನಿಂತರೆ ಅದರ ಹೊಳಪು ಹೋಗುವುದನ್ನು ಗೃಹಿಣಿಯರು ಬಲ್ಲರು. ಈ ಕಲ್ಲನ್ನು ಜೇಡಿಯೊಡನೆ ಅರೆದು, ೧,೪೫೦ ಡಿಗ್ರಿಯವರೆಗೆ ಸುಟ್ಟು, ಸಿಮೆಂಟಿನ ಕ್ಲಿಂಕರ್ ಎಂಬ ಗಟ್ಟಿಯನ್ನು ತಯಾರಿಸುತ್ತಾರೆ. ಅದರ ಮೊದಲ ಹೆಜ್ಜೆಯೇ ನಮ್ಮ ವಿಭಜನ ಕ್ರಿಯೆ. ಒಂದು ಟನ್ ಕ್ಲಿಂಕರ್ ತಯಾರಾಗುವಾಗ ಕಲ್ಲಿನಿಂದಲೇ ಅರ್ಧ ಟನ್ನಿಗೆ ತುಸು ಮೀರಿದ ಇಂಗಾಲದ ಡೈ ಆಕ್ಸೈಡ್ ಹೊರಡುತ್ತದೆ. ಉರಿಸಿದ ಕಲ್ಲಿದ್ದಲಿನ ಹೊಗೆ ಇದಕ್ಕೆ ಹೊರತು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ೪೦೦ ಕೋಟಿ ಟನ್ ಸಿಮೆಂಟು ತಯಾರಾಗುತ್ತಿದ್ದು, ಮಾನವನ ಚಟುವಟಿಕೆಗಳಿಂದ ವಾಯುಮಂಡಲವನ್ನು ಸೇರುವ ಇಂಗಾಲದ ಡೈ ಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಈ ಒಂದು ಕೈಗಾರಿಕೆಯದು.

ಕಲ್ಲಿದ್ದಲನ್ನು ಬಿಟ್ಟು ಸೂರ್ಯನ ಶಾಖದಿಂದಲೋ ವಿದ್ಯುತ್ತಿನಿಂದಲೋ ಗೂಡನ್ನು ಕಾಯಿಸಿದರೆ ಹೊಗೆ ತಪ್ಪುತ್ತದೆ. ಆದರೆ ನೂರರಲ್ಲಿ ೪೪ ಪಾಲು ಅನಿಲ ಕಲ್ಲಿನೊಳಗೇ ಇದೆಯಲ್ಲ! ಅದನ್ನು ಬಿಡದೆ ಕಲ್ಲು ಸುಣ್ಣವಾಗದು. ಬ್ಲ್ಯಾಕನ ತಕ್ಕಡಿಗೆ ಯಾವ ಹೊಸ ಇಂಧನವೂ ಉತ್ತರವಲ್ಲ. ಗೋಡೆಯ ಸುಣ್ಣದಂತೆ ಕಾಂಕ್ರೀಟೂ ಗಾಳಿಯಿಂದ ಅನಿಲವನ್ನು ಹಿಂದಕ್ಕೆ ಪಡೆಯುತ್ತದೆಯಾದರೂ ಆ ಕೆಲಸ ಬಹಳ ನಿಧಾನ. ಒಂದು ಪಾಲು ಮಾತ್ರ ಹಿಂದಿರುಗುತ್ತದೆ.

ಉಳಿದ ದಾರಿ ಗೂಡಿನ ಬಾಯಲ್ಲಿಯೇ ಅನಿಲವನ್ನು ಹಿಡಿಯುವುದು. ನಾರ್ವೆಯ ಬ್ರೆವಿಕ್ ಎಂಬಲ್ಲಿ ಸಿಮೆಂಟು ಕಾರ್ಖಾನೆಯ ಹೊಗೆಯನ್ನು ರಾಸಾಯನಿಕ ದ್ರಾವಣದಿಂದ ತೊಳೆದು, ವರ್ಷಕ್ಕೆ ೪ ಲಕ್ಷ ಟನ್ ಇಂಗಾಲದ ಡೈ ಆಕ್ಸೈಡನ್ನು ಬೇರ್ಪಡಿಸಬಲ್ಲ ಯಂತ್ರಸ್ಥಾವರವನ್ನು ೨೦೨೫ರಲ್ಲಿ ಪ್ರಾರಂಭಿಸಿದರು. ಅನಿಲವನ್ನು ದ್ರವ ಮಾಡಿ ಸಮುದ್ರದ ತಳದ ಬಂಡೆಗಳಲ್ಲಿ ಹೂಳುತ್ತಾರೆ. ಇನ್ನೊಂದು ಉಪಾಯವನ್ನು ಬೆಲ್ಜಿಯಮಿನ ಲಿಕ್ಸ್ ಎಂಬಲ್ಲಿ ೨೦೧೯ರಿಂದ ಪರೀಕ್ಷಿಸಿದರು. ಅಲ್ಲಿ ಜ್ವಾಲೆಯೂ ಕಲ್ಲೂ ಒಂದನ್ನೊಂದು ಮುಟ್ಟುವುದಿಲ್ಲ. ಹೊರಗಿನಿಂದ ಕಾಯಿಸಿದ ಎತ್ತರವಾದ ಉಕ್ಕಿನ ಕೊಳವೆಯಲ್ಲಿ ಕಲ್ಲಿನ ಪುಡಿ ಮೇಲಿನಿಂದ ಉದುರುತ್ತಾ ಒಡೆಯುತ್ತದೆ. ಹೊಗೆ ಬೆರೆಯದೆ, ಬಹುಮಟ್ಟಿಗೆ ಶುದ್ಧವಾದ ಇಂಗಾಲದ ಡೈ ಆಕ್ಸೈಡ್ ಕೊಳವೆಯಿಂದ ಹೊರಬರುತ್ತದೆ. ತೊಳೆಯುವ ಖರ್ಚು ಉಳಿಯಿತು. ಆದರೆ ಇಲ್ಲಿ ದೆಬ್ರೇಯ ನಿಯಮ ತನ್ನ ಪಾಲನ್ನು ಕೇಳುತ್ತದೆ. ಸಾಧಾರಣ ಗೂಡಿನಲ್ಲಿ ಕಲ್ಲಿನ ಅನಿಲ ಹೊಗೆಯೊಡನೆ ಬೆರೆತು ತೆಳುವಾಗುವುದರಿಂದ ೮೫೦ ಡಿಗ್ರಿಯ ಸುಮಾರಿನಲ್ಲಿಯೇ ಕೆಲಸ ನಡೆಯುತ್ತದೆ. ಶುದ್ಧವಾದ ಅನಿಲ ತುಂಬಿದ ಕೊಳವೆಯಲ್ಲಾದರೋ ಕಲ್ಲು ೯೦೦ ಡಿಗ್ರಿಯನ್ನು ದಾಟಲೇಬೇಕು. ಕಲ್ಲಿಗೆ ಅಷ್ಟು ಕಾವು ಮುಟ್ಟಬೇಕಾದರೆ ಕೊಳವೆಯ ಗೋಡೆ ಇನ್ನೂ ಬಿಸಿಯಾಗಿರಬೇಕು. ಅಷ್ಟು ಬಿಸಿಯಲ್ಲಿ ವರ್ಷಗಟ್ಟಲೆ ಬಾಗದೆ, ಬಿರಿಯದೆ ನಿಲ್ಲುವ ಉಕ್ಕನ್ನು ಒದಗಿಸುವುದು ಈಗ ಎಂಜಿನಿಯರುಗಳ ಪಾಲಿಗೆ ಬಂದಿರುವ ಕೆಲಸ.